ಬಯೋರೆಮಿಡಿಯೇಷನ್: ಎಣ್ಣೆ ಹಿಡಿದ ಮಣ್ಣಿಗೆ ಗೊಬ್ಬರದ ಮದ್ದು

ಕಚ್ಚಾ ತೈಲವೋ ಡೀಸೆಲ್ಲೋ ಸೋರಿ ಕೆಟ್ಟ ಮಣ್ಣನ್ನು ಸೂಕ್ಷ್ಮಜೀವಿಗಳ ಮೂಲಕ ಶುದ್ಧ ಮಾಡುವ ವಿಧಾನವೇ ಬಯೋರೆಮಿಡಿಯೇಷನ್, ಅಂದರೆ ಜೈವಿಕ ಶುದ್ಧೀಕರಣ.

ಎಣ್ಣೆಯ ಬಹುಪಾಲು ಹೈಡ್ರೊಕಾರ್ಬನ್, ಅಂದರೆ ಇಂಗಾಲ ಮತ್ತು ಜಲಜನಕ ಸೇರಿದ ಸಂಯುಕ್ತಗಳು. ಸ್ಯೂಡೊಮೊನಾಸ್, ರೋಡೊಕಾಕಸ್, ಅಸಿನೆಟೊಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳಿಗೆ ಅದೇ ಆಹಾರ. ಆಮ್ಲಜನಕದ ನೆರವಿನಿಂದ ಅವು ಅದನ್ನು ಹಂತಹಂತವಾಗಿ ಒಡೆಯುತ್ತವೆ; ಪೂರ್ತಿ ಒಡೆದರೆ ಉಳಿಯುವುದು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಆ ಜೀವಿಗಳ ಮೈ. ಇಂಥ ಜೀವಿಗಳು ಬಹುತೇಕ ಮಣ್ಣಿನಲ್ಲಿ ಮೊದಲಿನಿಂದಲೂ ಇರುತ್ತವೆ. ಹಾಗಿದ್ದರೂ ಎಣ್ಣೆ ವರ್ಷಗಟ್ಟಲೆ ಉಳಿದುಬಿಡುತ್ತದಲ್ಲ, ಯಾಕೆ? ಎಣ್ಣೆಯಲ್ಲಿ ಇಂಗಾಲ ಧಾರಾಳವಾಗಿದೆ, ಸಾರಜನಕ ಮತ್ತು ರಂಜಕ ಇಲ್ಲವೆನ್ನುವಷ್ಟು ಕಡಿಮೆ. ಅವಿಲ್ಲದೆ ಬ್ಯಾಕ್ಟೀರಿಯಾ ಬೆಳೆಯಲಾರದು. 100 ಪಾಲು ಇಂಗಾಲಕ್ಕೆ 10 ಪಾಲು ಸಾರಜನಕ, 1 ಪಾಲು ರಂಜಕ ಎಂಬುದು ಈ ಕೆಲಸದಲ್ಲಿ ಸಾಮಾನ್ಯವಾಗಿ ಇಟ್ಟುಕೊಳ್ಳುವ ಲೆಕ್ಕ. ಜೊತೆಗೆ ಎಣ್ಣೆಯು ಮಣ್ಣಿನ ಸಂದುಗಳನ್ನು ಮುಚ್ಚಿ ಗಾಳಿಯನ್ನೂ ತಡೆಯುತ್ತದೆ.

ಸಾವಯವ ತ್ಯಾಜ್ಯ ಉಪಯೋಗಕ್ಕೆ ಬರುವುದು ಇಲ್ಲೇ. ಸಗಣಿ, ಕೋಳಿ ಗೊಬ್ಬರ, ಕಾಂಪೋಸ್ಟ್‌ಗಳು ಪೋಷಕಾಂಶ ಕೊಡುತ್ತವೆ, ತಮ್ಮಲ್ಲಿರುವ ಸೂಕ್ಷ್ಮಜೀವಿಗಳನ್ನೂ ತರುತ್ತವೆ. ಒಣಹುಲ್ಲು, ಮರದ ಚೂರು ಮಣ್ಣನ್ನು ಸಡಿಲಗೊಳಿಸಿ ಗಾಳಿಯಾಡಲು ಬಿಡುತ್ತವೆ. ಆದರೆ ಮರದ ಹೊಟ್ಟನ್ನಷ್ಟೇ ಸುರಿದರೆ ಕೆಲಸ ಕೆಡುತ್ತದೆ: ಅದೂ ಇಂಗಾಲದ ರಾಶಿಯೇ, ಇದ್ದ ಚೂರು ಸಾರಜನಕವನ್ನೂ ಅದೇ ಹಿಡಿದುಕೊಳ್ಳುತ್ತದೆ. ಗೊಬ್ಬರ ಬೆರೆಸಿದ ಮಣ್ಣಿನ ರಾಶಿಯನ್ನು ಆಗಾಗ ಮಗುಚಬೇಕು. ತೇವ ಇರಬೇಕು, ನೀರು ನಿಲ್ಲಬಾರದು.

ಹೀಗೆ ಇದ್ದ ಜೀವಿಗಳಿಗೇ ಪೋಷಣೆ ಕೊಡುವುದು ಬಯೋಸ್ಟಿಮ್ಯುಲೇಷನ್. ಹೊರಗಿನಿಂದ ಜೀವಿಗಳನ್ನು ತಂದು ಬಿಡುವುದು ಬಯೋಆಗ್ಮೆಂಟೇಷನ್. ಮೊದಲನೆಯದನ್ನೇ ಮೊದಲು ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಪ್ರಯೋಗಾಲಯದಲ್ಲಿ ಬೆಳೆಸಿದ ತಳಿಗಳು ಎಷ್ಟೋ ಸಲ ಸ್ಥಳೀಯ ಜೀವಿಗಳ ಪೈಪೋಟಿಯಲ್ಲಿ ಸೋತುಹೋಗುತ್ತವೆ. 1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ತೈಲ ಅಲಾಸ್ಕಾದ ಕಡಲತೀರಕ್ಕೆ ಬಡಿದಾಗಲೂ ಜೈವಿಕ ಶುದ್ಧೀಕರಣಕ್ಕೆ ಮುಖ್ಯವಾಗಿ ಬಳಸಿದ್ದು ಗೊಬ್ಬರವನ್ನು. ಅಲ್ಲಿದ್ದ ಬ್ಯಾಕ್ಟೀರಿಯಾಗಳೇ ಎಣ್ಣೆಯನ್ನು ಬೇಗ ಒಡೆದವು.

ಮಿತಿಗಳೂ ಇವೆ. ಇಂಗಾಲದ ಪರಮಾಣುಗಳು ನೇರ ಸರಪಳಿಯಂತೆ ಜೋಡಿಸಿಕೊಂಡಿರುವ ಆಲ್ಕೇನ್ ಎಂಬ ಹೈಡ್ರೊಕಾರ್ಬನ್‌ಗಳು ಬೇಗ ಒಡೆಯುತ್ತವೆ. ಇಂಗಾಲದ ಹಲವು ಉಂಗುರಗಳಿರುವ ಆರೊಮ್ಯಾಟಿಕ್ ಸಂಯುಕ್ತಗಳು ಒಡೆಯುವುದು ತುಂಬಾ ನಿಧಾನ. ಸೀಸದಂಥ ಭಾರಲೋಹಗಳನ್ನು ಯಾವ ಜೀವಿಯೂ ಒಡೆದು ಇಲ್ಲವಾಗಿಸಲಾರದು. ಫಲಿತಾಂಶ ಓದುವಾಗ ಇನ್ನೊಂದು ಎಚ್ಚರ ಬೇಕು: ಒಂದು ಪಾಲು ಮಣ್ಣಿಗೆ ಒಂದು ಪಾಲು ಕಾಂಪೋಸ್ಟ್ ಬೆರೆಸಿದರೆ, ಏನೂ ಒಡೆಯದಿದ್ದರೂ ಎಣ್ಣೆಯ ಸಾಂದ್ರತೆ ಇಳಿದೇ ಇಳಿಯುತ್ತದೆ. ಆದ್ದರಿಂದ ಬೆರೆಸಿದ ದಿನದ ಅಳತೆಯಿಂದಲೇ ಲೆಕ್ಕ ಶುರುಮಾಡಬೇಕು, ಗೊಬ್ಬರ ಹಾಕದ ಅದೇ ಮಣ್ಣಿನ ರಾಶಿಯೊಂದನ್ನು ಪಕ್ಕದಲ್ಲಿಟ್ಟು ಎರಡನ್ನೂ ಹೋಲಿಸಬೇಕು.