ಆತ್ಮಾವಲೋಕನ ಎಂದರೆ ಏನನ್ನು ನೋಡುವುದು?

ಚುನಾವಣೆಯ ಫಲಿತಾಂಶ ಬಂದ ಮರುದಿನ ಪತ್ರಿಕೆಗಳಲ್ಲಿ ತಪ್ಪದೆ ಕಾಣುವ ಮಾತು: ‘ಸೋಲಿನ ಬಗ್ಗೆ ಆತ್ಮಾವಲೋಕನ ಮಾಡಿಕೊಳ್ಳುತ್ತೇವೆ.’ ಗೆದ್ದವರ ಬಾಯಲ್ಲಿ ಈ ಪದ ಬರುವುದು ಅಪರೂಪ. ಹಾಗಾಗಿ ಸೋತವರು ತಲೆ ತಗ್ಗಿಸಿ ಕೂರುವುದೇ ಆತ್ಮಾವಲೋಕನ ಎಂಬ ಅರ್ಥ ಪದಕ್ಕೆ ಅಂಟಿಕೊಂಡುಬಿಟ್ಟಿದೆ. ಬಿಡಿಸಿ ನೋಡಿದರೆ ಪದದೊಳಗೆ ಸೋಲಿನ ಸುಳಿವೇ ಇಲ್ಲ.

ಆತ್ಮ, ಅವಲೋಕನ ಎರಡೂ ಸೇರಿ ಸವರ್ಣದೀರ್ಘ ಸಂಧಿ. ಇಲ್ಲಿನ ‘ಆತ್ಮ’ಕ್ಕೆ ವೇದಾಂತದ ಭಾರ ಬೇಡ, ಆತ್ಮಕಥೆ, ಆತ್ಮರಕ್ಷಣೆಗಳಲ್ಲಿರುವ ಹಾಗೆ ಬರೀ ‘ತಾನು’ ಎಂದರೆ ಸಾಕು. ‘ಅವಲೋಕನ’ ಎಂದರೆ ಗಮನವಿಟ್ಟು ನೋಡುವುದು. ಸಿಂಹಾವಲೋಕನದಲ್ಲಿ ಇರುವುದೂ ಇದೇ. ಸಿಂಹ ಒಂದಷ್ಟು ದೂರ ನಡೆದು, ಕತ್ತು ಹೊರಳಿಸಿ ಬಂದ ದಾರಿಯನ್ನು ನೋಡುತ್ತದಂತೆ. ಆತ್ಮನಿಂದನೆಯಲ್ಲಿ ತೀರ್ಪು ಮೊದಲೇ ಆಗಿರುತ್ತದೆ. ಆತ್ಮವಿಮರ್ಶೆ ತೂಗಿ ನೋಡಿ ತೀರ್ಪಿಗೆ ಬರುತ್ತದೆ. ಅವಲೋಕನ ಇವೆರಡಕ್ಕೂ ಹಿಂದಿನ ಹೆಜ್ಜೆ: ಏನಾಯಿತು, ಆಗ ನಾನು ಏನೆಂದುಕೊಂಡಿದ್ದೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಕಾಣುವುದು.

ಕಷ್ಟ ಇರುವುದು ಈ ಕಾಣುವುದರಲ್ಲೇ. ‘ನಾನು ಯಾಕೆ ಹೀಗೆ ಮಾಡಿದೆ’ ಎಂದು ಕಣ್ಣು ಮುಚ್ಚಿ ಕೇಳಿಕೊಂಡರೆ ಮನಸ್ಸು ಏನಾದರೊಂದು ಉತ್ತರ ಕೊಟ್ಟೇ ಕೊಡುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞರಾದ ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್ 1977ರ ತಮ್ಮ ಪ್ರಬಂಧದಲ್ಲಿ ಒಂದು ಪ್ರಯೋಗ ವಿವರಿಸಿದ್ದಾರೆ. ಅಂಗಡಿಯೊಂದರಲ್ಲಿ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿ ಇಟ್ಟು, ಯಾವುದು ಒಳ್ಳೆಯದು ಎಂದು ಜನರನ್ನು ಕೇಳಿದರು. ನಾಲ್ಕೂ ಒಂದೇ ಮಾಲು. ಆದರೂ ಎಡತುದಿಯದನ್ನು ಆರಿಸಿದವರಿಗಿಂತ ಬಲತುದಿಯದನ್ನು ಆರಿಸಿದವರು ಬಹಳ ಹೆಚ್ಚು. ಕಾರಣ ಕೇಳಿದಾಗ ‘ಅದು ತುದಿಯಲ್ಲಿತ್ತು’ ಎಂದು ತಾವಾಗಿ ಹೇಳಿದವರು ಒಬ್ಬರೂ ಇಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ತಮಗೆ ಹೊಳೆದ ಕಾರಣವನ್ನೇ ನಿಜವೆಂದು ನಂಬಿದ್ದರು. ನಮ್ಮ ಒಳಗಿನ ಉತ್ತರಗಳಲ್ಲಿ ಎಷ್ಟು ಕಂಡದ್ದು, ಎಷ್ಟು ಆಮೇಲೆ ಕಟ್ಟಿದ್ದು ಎಂದು ಒಳಗಿನಿಂದಲೇ ತಿಳಿಯುವುದು ಕಷ್ಟ.

ಇದಕ್ಕೊಂದು ಉಪಾಯ ಕೊಡಗಿನ ಕಾಫಿ ತೋಟದವರಿಗೆ ಬೇರೆ ಕಾರಣಕ್ಕೆ ಮೊದಲಿನಿಂದ ರೂಢಿಯಲ್ಲಿದೆ. ಇಲ್ಲಿ ಎಷ್ಟೋ ಮನೆಗಳ ಅಂಗಳದಲ್ಲಿ ಮಳೆಮಾಪಕ ಇರುತ್ತದೆ, ಒಳಗೆ ಮಳೆಯ ಲೆಕ್ಕದ ಪುಸ್ತಕ ಇರುತ್ತದೆ. ಲೆಕ್ಕ ಇಂಚು ಮತ್ತು ಸೆಂಟ್‌ನಲ್ಲಿ. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್. ನಾನು ಶಾಲೆಗೆ ಹೋಗುತ್ತಿದ್ದಾಗ ಬೆಳಿಗ್ಗೆ ಅಳೆದು ಬರೆಯುವ ಕೆಲಸ ನನ್ನದು. ಒಂದು ದಿನ ರಾತ್ರಿಯಿಡೀ ಶೀಟಿನ ಮಾಡಿನ ಮೇಲೆ ಸದ್ದು ಕೇಳಿದ್ದವನು ಹೊರಗೆ ಹೋಗಲು ಸೋಮಾರಿತನದಿಂದ, “ಎರಡು ಇಂಚು ಇರ್ಬಹುದು ಅಪ್ಪ” ಎಂದೆ. “ಇರ್ಬಹುದು ಅಂತ ಬರೆಯೋದಲ್ಲ ಮಗ. ಹೋಗಿ ಗ್ಲಾಸ್‌ಗೆ ಬಗ್ಗಿಸು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡು” ಎಂದರು. ನೋಡಿದರೆ 85 ಸೆಂಟ್. ಶೀಟಿನ ಸದ್ದು ಮಳೆಯನ್ನು ಇಮ್ಮಡಿ ಮಾಡಿ ಕೇಳಿಸಿತ್ತು.

ತೋಟದ ಜವಾಬ್ದಾರಿ ನನಗೆ ಬಂದ ಮೇಲೆ ಅದೇ ಪುಸ್ತಕದ ಅಂಚಿನಲ್ಲಿ ನನ್ನ ಅಂದಾಜುಗಳನ್ನೂ ಬರೆಯತೊಡಗಿದೆ. ಕಾಫಿ ಮೊಗ್ಗನ್ನು ಅರಳಿಸುವ ಹೂಮಳೆಯ ಹೊತ್ತಿನ ಸಂಕಟ ಇಲ್ಲಿಯವರಿಗೆ ಗೊತ್ತು. ರೊಬಸ್ಟಾ ಕಾಫಿಯ ಮೊಗ್ಗು ನೀರಿಗೆ ಕಾದು ನಿಂತಿರುತ್ತದೆ. ಸ್ಪ್ರಿಂಕ್ಲರ್ ಹಾಕಿದ ಮೇಲೆ ಒಳ್ಳೆಯ ಮಳೆ ಬಂದರೆ ಡೀಸೆಲ್ ದಂಡ. ಕಾದು ಕೂತಾಗ ಅರೆಬರೆ ಹನಿ ಬಿದ್ದರೆ ಹೂವೇ ಕೆಡಬಹುದು. ಒಂದು ವರ್ಷ ನಾನು ಪಂಪ್ ಹಚ್ಚಿದೆ. ಕೊನೆಯ ಪೈಪ್ ಎತ್ತಿ ಮೂರನೇ ದಿನಕ್ಕೆ ಒಂದೂಕಾಲು ಇಂಚು ಮಳೆ. ಆ ಸಂಜೆ ಮನೆಯಲ್ಲಿ, “ಮಳೆ ಬರುತ್ತೆ ಅಂತ ನಂಗೆ ಅನ್ನಿಸಿತ್ತು” ಎಂದು ಹೇಳಿದೆ, ಪೂರ್ತಿ ನಂಬಿಯೇ ಹೇಳಿದೆ. ಪುಸ್ತಕ ತೆಗೆದರೆ ನನ್ನದೇ ಕೈಬರಹ: ‘ಇನ್ನೆರಡು ವಾರ ಮಳೆ ಬರುವುದಿಲ್ಲ. ನೂರಕ್ಕೆ 80 ಖಾತ್ರಿ. ಕೆರೆ ನೀರು ಇಳಿಯುತ್ತಿದೆ, ಇನ್ನು ಕಾದರೆ ಕೊನೆಯ ಬ್ಲಾಕಿಗೆ ಸಾಲದು.’

ಫಲ ತಿಳಿದ ಮೇಲೆ ‘ನನಗೆ ಮೊದಲೇ ಗೊತ್ತಿತ್ತು’ ಎನ್ನಿಸುವ ಈ ಭ್ರಮೆಯನ್ನು ಮನಃಶಾಸ್ತ್ರಜ್ಞರಾದ ಬಾರೂಕ್ ಫಿಶ್‌ಹಾಫ್ ಮತ್ತು ರೂತ್ ಬೆಯ್ತ್ 1975ರಲ್ಲಿ ತೋರಿಸಿದರು. ಅಮೆರಿಕದ ಅಧ್ಯಕ್ಷ ನಿಕ್ಸನ್ 1972ರಲ್ಲಿ ಚೀನಾಕ್ಕೆ ಹೊರಡುವ ಮೊದಲು, ಏನೇನು ಆಗಬಹುದೆಂದು ವಿದ್ಯಾರ್ಥಿಗಳ ಅಂದಾಜು ಪಡೆದಿದ್ದರು. ಆಮೇಲೆ ‘ಆಗ ನೀವು ಎಷ್ಟು ಎಂದಿದ್ದಿರಿ’ ಎಂದು ಕೇಳಿದಾಗ, ನಡೆದುಹೋದ ಸಂಗತಿಗಳಿಗೆ ತಾವು ಹೆಚ್ಚು ಅಂಕಿ ಕೊಟ್ಟಿದ್ದೆವು ಎಂದೇ ಅವರಿಗೆ ನೆನಪು.

ಅಂಚಿನ ಆ ಬರಹ ನನ್ನನ್ನು ವೃಥಾ ಹಳಹಳಿಕೆಯಿಂದ ಉಳಿಸಿತು. ಆ ದಿನ ಗೊತ್ತಿದ್ದಷ್ಟರಲ್ಲಿ ಪಂಪ್ ಹಚ್ಚಿದ್ದು ಸರಿಯಾಗಿಯೇ ಇತ್ತು. ಫಲ ಮಾತ್ರ ಉಲ್ಟಾ ಆಯಿತು. ನಿಜವಾಗಿ ಚುಚ್ಚಿದ್ದು ಮುಂದಿನ ವರ್ಷದ ಪುಟ. ಆಗ ಪಂಪ್ ಹಚ್ಚದೆ ಕಾದೆ, ಮಳೆ ಬಂತು, ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಪುಟದಲ್ಲಿ ಇದ್ದದ್ದು ‘ನೋಡೋಣ’ ಎಂಬ ಒಂದೇ ಪದ. ಕೆರೆಯ ಲೆಕ್ಕ ಇಲ್ಲ, ಖಾತ್ರಿಯ ಅಂಕಿ ಇಲ್ಲ. ಪುಸ್ತಕ ಇಲ್ಲದಿದ್ದರೆ, ಗೆದ್ದಿದ್ದರಿಂದ ಆ ನಿರ್ಧಾರವನ್ನು ನಾನು ತಿರುಗಿ ನೋಡುತ್ತಲೇ ಇರಲಿಲ್ಲ.

ಆತ್ಮಾವಲೋಕನ ಮಾಡಲು ಹೊರಟವರಿಗೆ: ಎರಡು ಮೂರು ಸಾಲು ಬರೆದಿಟ್ಟರೆ ಸಾಕು. ಏನಾಗುತ್ತದೆ ಎಂದುಕೊಂಡಿದ್ದೇನೆ, ನೂರಕ್ಕೆ ಎಷ್ಟು ಖಾತ್ರಿ, ಏನು ಕಂಡರೆ ಮನಸ್ಸು ಬದಲಿಸುತ್ತೇನೆ. ಫಲ ಬರುವ ಮೊದಲೇ, ತಾರೀಖಿನ ಸಮೇತ. ಅಂದಾಜಿಗೆ ವಿರುದ್ಧವಾದ ಸಂಗತಿಯನ್ನಂತೂ ಕಂಡ ಕೂಡಲೇ ಬರೆಯಬೇಕು. ತನ್ನ ವಾದಕ್ಕೆ ವಿರುದ್ಧವಾದ ಸಂಗತಿಗಳೇ ನೆನಪಿನಿಂದ ಬೇಗ ಜಾರುತ್ತವೆ ಎಂದು ಕಂಡುಕೊಂಡಿದ್ದ ಚಾರ್ಲ್ಸ್ ಡಾರ್ವಿನ್ ಅವನ್ನು ತಪ್ಪದೆ ಆಗಿಂದಾಗಲೇ ಗುರುತು ಹಾಕಿಕೊಳ್ಳುತ್ತಿದ್ದ.

ಬರೆದದ್ದನ್ನು ಓದಲು ನಾನು ಇಟ್ಟುಕೊಂಡಿರುವ ಕಾಲ ಕಕ್ಕಡ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು. ಜಡಿಮಳೆಗೆ ಹೊರಗಿನ ಕೆಲಸ ಕಡಿಮೆ, ಯಾವ ಹೂವು ಕಾಯಿ ಕಟ್ಟಿತು ಎಂಬುದೂ ಅಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ. ಕಕ್ಕಡ 18ರಂದು ಮದ್ದುಸೊಪ್ಪಿನ ಪಾಯಸ ಉಂಡು ಪುಸ್ತಕ ಹಿಡಿದು ಕೂರುತ್ತೇನೆ. ಕಳೆದ ಸಲ ಎಣಿಸಿದಾಗ, ‘ನೂರಕ್ಕೆ 90’ ಎಂದು ಬರೆದ 11 ಅಂದಾಜುಗಳಲ್ಲಿ ಸರಿಯಾಗಿದ್ದದ್ದು 6. ಈಗ 90 ಎಂದು ಬರೆಯಲು ಹೊರಟರೆ ಪೆನ್ನು ಒಂದು ಗಳಿಗೆ ನಿಲ್ಲುತ್ತದೆ.