ಅಚ್ಚಾಗಲು ಬಿಡದ ಮಸೂದೆ: ಐರ್ಲೆಂಡಿನ ಮೇಲ್ಮನೆಯಲ್ಲಿ ಮೇರಿ ರಾಬಿನ್ಸನ್

ಬೆಳಗಾವಿಯ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇ ಆಸ್ಪತ್ರೆಯಲ್ಲಿ ತೀರಿಕೊಂಡಾಗ ನಮ್ಮಲ್ಲಿ ಎದ್ದ ಪ್ರಶ್ನೆ ಒಂದೇ. ಮಗು ಉಳಿಯುವುದಿಲ್ಲ ಅಂತ ಗೊತ್ತಾದ ಮೇಲೂ ಗರ್ಭಪಾತ ಮಾಡಲಿಲ್ಲ, ಇದೆಂಥ ಕಾನೂನು? 1983ರಲ್ಲಿ ಆ ಕಾನೂನು ಬರುವಾಗ ಅಲ್ಲಿನ ಸಂಸತ್ತಿನಲ್ಲೇ ನಿಂತು ಬೇಡ ಅಂದವರಿದ್ದರು. ಅವರಲ್ಲಿ ಒಬ್ಬರು ಸೆನೆಟರ್ ಮೇರಿ ರಾಬಿನ್ಸನ್. ಮುಂದೆ ಐರ್ಲೆಂಡಿನ ಮೊದಲ ಮಹಿಳಾ ರಾಷ್ಟ್ರಪತಿಯಾದರಲ್ಲ, ಅವರೇ. ಆದರೆ ಅವರ ಜಗಳ ಆ ಕಾನೂನಿಗೂ ಹನ್ನೆರಡು ವರ್ಷ ಮೊದಲು ಬೇರೆ ವಿಷಯಕ್ಕೆ ಶುರುವಾಗಿತ್ತು.

1935ರ ಒಂದು ಕಾನೂನಿನ 17ನೇ ಸೆಕ್ಷನ್ ಅದು. ಗರ್ಭನಿರೋಧಕಗಳನ್ನು ಮಾರುವುದು, ಮಾರಲಿಕ್ಕೆ ಹೊರಗಿನಿಂದ ತರಿಸುವುದು ಎರಡೂ ಅಪರಾಧ. ಬಳಸಿದರೆ ಮಾತ್ರ ತಪ್ಪಿಲ್ಲ! ಅಂಗಡಿಯಲ್ಲಿ ಸಿಗದ ವಸ್ತುವನ್ನು ಬಳಸುವುದು ಹೇಗೆ ಅಂತ ಕಾನೂನು ಬರೆದವರು ಹೇಳಲಿಲ್ಲ. 1960ರ ದಶಕದಲ್ಲಿ ಮಾತ್ರೆ ಬಂದಾಗ ಡಾಕ್ಟರುಗಳು ಒಂದು ಉಪಾಯ ಕಂಡುಕೊಂಡರು. ಮುಟ್ಟು ಸರಿಪಡಿಸುವ ಔಷಧಿ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

1969ರಲ್ಲಿ ಮೇರಿ ಮೇಲ್ಮನೆಗೆ ಆರಿಸಿ ಬಂದರು. ವಯಸ್ಸು 25. ಬಲ್ಲಿನಾ ಎಂಬ ಊರಿನ ಕ್ಯಾಥೊಲಿಕ್ ಮನೆಯ ಹುಡುಗಿ, ಅಪ್ಪ ಅಮ್ಮ ಇಬ್ಬರೂ ಡಾಕ್ಟರುಗಳು. ಓದಿದ್ದು ಕಾನೂನು, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ. ಅಲ್ಲಿನ ಮೇಲ್ಮನೆಯ 60 ಸೀಟಿನಲ್ಲಿ 6 ವಿಶ್ವವಿದ್ಯಾಲಯದ ಪದವೀಧರರು ಆರಿಸುವಂಥವು. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರ ಇದೆಯಲ್ಲ, ಹೆಚ್ಚುಕಮ್ಮಿ ಹಾಗೆ. ಇಂಥ ಸೀಟು ಯಾಕೆ ಬೇಕು ಅಂತ ಅಲ್ಲೂ ಜನ ಕೇಳುತ್ತಾರೆ, ಕೇಳುವುದು ನ್ಯಾಯವೇ. ಆದರೆ ಪಾದ್ರಿಗೆ ಹೆದರಿ ಓಟು ಹಾಕುವ ಊರಿನಿಂದ ಗೆದ್ದು ಬಂದಿದ್ದರೆ ಮೇರಿ ಮುಂದೆ ಮಾಡಿದ್ದನ್ನು ಮಾಡಲು ಆಗುತ್ತಿತ್ತಾ ಅನ್ನುವುದು ನನಗೆ ಅನುಮಾನ.

1971ರಲ್ಲಿ ಅವರು ಆ 17ನೇ ಸೆಕ್ಷನ್ ತೆಗೆಯುವ ಮಸೂದೆ ಬರೆದರು. ಜೊತೆಗೆ ಸಹಿ ಹಾಕಿದವರು ಜಾನ್ ಹೊರ್ಗನ್, ಟ್ರೆವರ್ ವೆಸ್ಟ್ ಎಂಬ ಇನ್ನಿಬ್ಬರು ಸೆನೆಟರುಗಳು. ಇಲ್ಲಿ ನಡೆದ ಆಟವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮಸೂದೆಗೆ ಮೊದಲ ವಾಚನ ಅಂತ ಒಂದು ಮೆಟ್ಟಿಲು ಇರುತ್ತದೆ. ಸಾಮಾನ್ಯವಾಗಿ ಅದು ಬರೀ ಶಾಸ್ತ್ರ. ಸದನ ಹೂಂ ಅಂದರೆ ಮಸೂದೆ ಅಚ್ಚಾಗುತ್ತದೆ, ಆಮೇಲೆ ನಿಜವಾದ ಚರ್ಚೆ. ಹೂಂ ಅನ್ನದಿದ್ದರೆ ಅಚ್ಚೂ ಇಲ್ಲ, ಚರ್ಚೆಯೂ ಇಲ್ಲ. ಮಸೂದೆಯಲ್ಲಿ ಏನಿದೆ ಅಂತ ಜನರು ಓದುವ ಹಾಗೇ ಇಲ್ಲ. ಆಗಿನ ಸರ್ಕಾರ ಮಾಡಿದ್ದು ಅದನ್ನೇ. ಮೊದಲು ಇವತ್ತು ನಾಳೆ ಅಂತ ದೂಡಿದರು, ಕೊನೆಗೆ ಆ ವರ್ಷದ ಜುಲೈನಲ್ಲಿ ಮೊದಲ ವಾಚನಕ್ಕೇ ಅನುಮತಿ ಇಲ್ಲ ಅಂದುಬಿಟ್ಟರು. ವಾದ ಮಾಡಿ ಸೋಲಿಸುವುದು ಬೇರೆ. ಇದು ವಾದಕ್ಕೇ ಹೆದರಿದ್ದು.

ಹೊರಗಿನ ಗಲಾಟೆ ಇನ್ನೂ ಜೋರು. ಡಬ್ಲಿನ್ನಿನ ಆರ್ಚ್‌ಬಿಷಪ್ ಮೆಕ್ವೇಡ್ ಬರೆದ ಪತ್ರವನ್ನು ಚರ್ಚುಗಳಲ್ಲಿ ಓದಿಸಲಾಯಿತು. ಇಂಥ ಕಾನೂನು ಬಂದರೆ ಅದು ದೇಶಕ್ಕೆ ಶಾಪ ಅಂತ ಅದರಲ್ಲಿತ್ತು. ಮೇರಿಯವರಿಗೆ ಬೈಗುಳದ ಕಾಗದಗಳು ರಾಶಿ ಬಿದ್ದವು. ಇನ್ನೊಂದು ಕಡೆ ಆ ಮೇ 22ರಂದು ಒಂದಷ್ಟು ಹೆಂಗಸರು ಡಬ್ಲಿನ್ನಿನಿಂದ ರೈಲು ಹತ್ತಿ, ಬ್ರಿಟನ್ನಿನ ಆಡಳಿತದಲ್ಲಿದ್ದ ಬೆಲ್‌ಫಾಸ್ಟಿಗೆ ಹೋಗಿ, ಗರ್ಭನಿರೋಧಕಗಳನ್ನು ಕೊಂಡು ತಂದು, ವಾಪಸ್ ಬಂದು ಇಳಿದಾಗ ಕಸ್ಟಮ್ಸ್‌ನವರ ಕಣ್ಣೆದುರೇ ಎತ್ತಿ ತೋರಿಸಿದರು. ಕಸ್ಟಮ್ಸ್‌ನವರು ಸುಮ್ನೆ ಬಿಟ್ಟರು!

ಸದನ ಬಾಗಿಲು ಹಾಕಿದ್ದನ್ನು ಕೋರ್ಟು ತೆಗೆಯಿತು. ಮೆಗೀ ಎಂಬಾಕೆ ನಾಲ್ಕು ಮಕ್ಕಳ ತಾಯಿ, ಇನ್ನೊಮ್ಮೆ ಗರ್ಭ ನಿಂತರೆ ಜೀವಕ್ಕೇ ಅಪಾಯ ಅಂತ ಡಾಕ್ಟರು ಹೇಳಿದ್ದರು, ಅಂಚೆಯಲ್ಲಿ ತರಿಸಿದ ಗರ್ಭನಿರೋಧಕವನ್ನು ಕಸ್ಟಮ್ಸ್ ಹಿಡಿದಿತ್ತು. ಮೆಗೀ ಪ್ರಕರಣ ಅಂತ ಹೆಸರಾದ ಈ ಕೇಸಿನಲ್ಲಿ 1973ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತಾಯಿಯ ಪರ ತೀರ್ಪು ಕೊಟ್ಟಿತು. ಗಂಡ ಹೆಂಡತಿಯ ಖಾಸಗಿ ವಿಷಯಕ್ಕೆ ಸರ್ಕಾರ ತಲೆಹಾಕುವ ಹಾಗಿಲ್ಲ ಅಂದಿತು. ಈಗ ಸರ್ಕಾರವೇ ಏನಾದರೂ ಮಾಡಲೇಬೇಕಾಯಿತು. 1974ರ ಜುಲೈನಲ್ಲಿ ಸರ್ಕಾರದ ಮಸೂದೆ ಕೆಳಮನೆಗೆ ಬಂತು, 61ಕ್ಕೆ 75 ಓಟಿನಿಂದ ಬಿತ್ತು. ವಿರುದ್ಧ ಓಟು ಹಾಕಿದವರಲ್ಲಿ ಪ್ರಧಾನಿ ಲಿಯಮ್ ಕಾಸ್‌ಗ್ರೇವ್ ಕೂಡ ಒಬ್ಬರು. ತಮ್ಮದೇ ಸರ್ಕಾರದ ಮಸೂದೆಗೆ! ಹೀಗೆ ಮಾಡುತ್ತೇನೆ ಅಂತ ಮೊದಲೇ ಯಾರಿಗೂ ಹೇಳಿರಲಿಲ್ಲ.

ಆಮೇಲಿನದು ತುಂಡು ತುಂಡಾಗಿ ಆಯಿತು. 1979ರ ಕಾನೂನು ಡಾಕ್ಟರ ಚೀಟಿ ಇದ್ದರೆ, ಅದೂ ಕುಟುಂಬ ಯೋಜನೆಗಾದರೆ ಮಾತ್ರ ಅಂದಿತು. ಕಾಂಡೋಮಿಗೂ ಡಾಕ್ಟರ ಚೀಟಿ! ತಂದ ಮಂತ್ರಿ ಚಾರ್ಲ್ಸ್ ಹಾಹಿ ಇದನ್ನು ಐರಿಶ್ ಸಮಸ್ಯೆಗೆ ಐರಿಶ್ ಪರಿಹಾರ ಅಂದರು, ಜನ ಅದನ್ನು ಇವತ್ತಿಗೂ ಗೇಲಿ ಮಾಡಲು ಬಳಸುತ್ತಾರೆ. 1985ರಲ್ಲಿ 18 ದಾಟಿದವರಿಗೆ ಕಾಂಡೋಮಿಗೆ ಚೀಟಿ ಬೇಡ ಅಂತಾಯಿತು. ಮೇರಿ ಮೊದಲ ಮಸೂದೆ ತಂದು ಆಗ 14 ವರ್ಷ.

ಇದರ ಮಧ್ಯೆ ಬಂದದ್ದೇ 1983ರ ಸಂವಿಧಾನದ ಎಂಟನೇ ತಿದ್ದುಪಡಿ. ಗರ್ಭಪಾತ 1861ರ ಬ್ರಿಟಿಷ್ ಕಾನೂನಿನ ಪ್ರಕಾರ ಆಗಲೇ ಅಪರಾಧವಾಗಿತ್ತು. ಅದು ಸಾಲದು, ನಾಳೆ ಕೋರ್ಟು ಇದನ್ನೂ ತೆಗೆದುಹಾಕಿದರೆ ಅಂತ ಕೆಲವರಿಗೆ ಭಯ. ಮೆಗೀ ತೀರ್ಪನ್ನು ನೋಡಿದ್ದರಲ್ಲ. ಹಾಗಾಗಿ ಹುಟ್ಟದ ಮಗುವಿನ ಜೀವದ ಹಕ್ಕು ಮತ್ತು ತಾಯಿಯ ಜೀವದ ಹಕ್ಕು ಸಮ ಅಂತ ಸಂವಿಧಾನದಲ್ಲೇ ಬರೆಯಲು ಹೊರಟರು. ಮೇರಿ ಮೇಲ್ಮನೆಯಲ್ಲಿ ಇದನ್ನು ವಿರೋಧಿಸಿದರು. ವಾಕ್ಯ ಅಸ್ಪಷ್ಟ, ಸಂವಿಧಾನದಲ್ಲಿ ಇರಬೇಕಾದ ಮಾತೇ ಅಲ್ಲ ಅನ್ನುವುದು ಅವರ ವಾದ. ಸರ್ಕಾರದ ಅಟಾರ್ನಿ ಜನರಲ್ ಪೀಟರ್ ಸದರ್ಲೆಂಡ್ ಕೂಡ ಈ ಪದಗಳು ಗೊಂದಲ ಹುಟ್ಟಿಸುತ್ತವೆ, ಡಾಕ್ಟರುಗಳು ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾರೆ ಅಂತ ಎಚ್ಚರಿಸಿದ್ದರು. ಯಾರೂ ಕೇಳಲಿಲ್ಲ. ಸೆಪ್ಟೆಂಬರಿನಲ್ಲಿ ಜನಮತ ನಡೆದು ಶೇ. 66.9 ಮಂದಿ ಹೌದು ಅಂದರು.

ತಾಯಿಯ ಜೀವಕ್ಕೆ ನಿಜವಾದ ಅಪಾಯ ಇದ್ದರೆ ಗರ್ಭಪಾತ ಮಾಡಬಹುದು ಅಂತ 1992ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಎಷ್ಟು ಅಪಾಯ ಇದ್ದರೆ, ಯಾರು ತೀರ್ಮಾನ ಮಾಡಬೇಕು? ಅದನ್ನು ಬರೆಯಬೇಕಾದ ಸಂಸತ್ತು 20 ವರ್ಷ ಕೈಕಟ್ಟಿ ಕೂತಿತು. ಸವಿತಾ ಆಸ್ಪತ್ರೆ ಸೇರಿದ್ದು ಇಂಥ ಹೊತ್ತಿನಲ್ಲಿ. 17 ವಾರದ ಗರ್ಭ, ಸ್ವತಃ ದಂತ ವೈದ್ಯೆ. ಭ್ರೂಣದ ಎದೆಬಡಿತ ಇನ್ನೂ ಇದೆ, ಹಾಗಾಗಿ ಆಗುವುದಿಲ್ಲ ಅಂದರು. ನಂಜು ಏರಿ ಏಳು ದಿನದಲ್ಲಿ ಹೋದರು. 31 ವರ್ಷ. 1983ರಲ್ಲಿ ಸದನದಲ್ಲಿ ಆಡಿದ ಮಾತುಗಳನ್ನು ಈಗ ತೆಗೆದು ಓದುವವರಿಗೆ ಸಿಟ್ಟು ಬಂದರೆ ಆಶ್ಚರ್ಯವಿಲ್ಲ, ಅಲ್ವಾ?

2013ರಲ್ಲಿ ಒಂದು ಅರೆಬರೆ ಕಾನೂನು ಬಂತು. ಅದೇ ವರ್ಷ ಮೇಲ್ಮನೆಯನ್ನೇ ಮುಚ್ಚಿಬಿಡೋಣ ಅಂತ ಜನಮತ ನಡೆಯಿತು. ಶೇ. 51.7 ಮಂದಿ ಬೇಡ ಅಂದಿದ್ದರಿಂದ ಅದು ಉಳಿಯಿತು. 2018ರ ಮೇ 25ರಂದು ಶೇ. 66.4 ಮಂದಿ ಎಂಟನೇ ತಿದ್ದುಪಡಿಯನ್ನು ತೆಗೆದುಹಾಕಿದರು, 2019ರ ಜನವರಿಯಿಂದ 12 ವಾರದವರೆಗೆ ಗರ್ಭಪಾತದ ಸೇವೆ ಶುರುವಾಯಿತು. 2022ರಿಂದ 17ರಿಂದ 25 ವರ್ಷದ ಹೆಣ್ಣುಮಕ್ಕಳಿಗೆ ಗರ್ಭನಿರೋಧಕಗಳನ್ನು ಸರ್ಕಾರವೇ ಪುಕ್ಕಟೆ ಕೊಡತೊಡಗಿತು. ಆಮೇಲೆ ವಯಸ್ಸಿನ ಮಿತಿಯೂ ಏರಿತು. ಗರ್ಭಪಾತಕ್ಕೆ ಮೊದಲು ಮೂರು ದಿನ ಕಾಯಲೇಬೇಕು ಅನ್ನುವ ನಿಯಮ ತಿದ್ದುಪಡಿ ಹೋದ ಮೇಲೆ ಬಂದ ಹೊಸ ಕಾನೂನಿನಲ್ಲಿ ಸೇರಿಕೊಂಡಿದೆ, ಅದನ್ನು ತೆಗೆಯಬೇಕು ಅನ್ನುವವರ ವಾದ ಈಗ ನಡೆದಿದೆ.