"ನಂಬ್ರ ಒಂದು ಬದಲ್ಸಿ ಕೊಡಿ ಅಣ್ಣ"

ಕಾಸರಗೋಡು ಹಳೇ ಬಸ್‌ಸ್ಟ್ಯಾಂಡಿನ ಹತ್ರ ಮೊಬೈಲ್ ರಿಪೇರಿಗೆ ಕೂತು ಹದಿನೇಳು ವರ್ಷ ಆಯ್ತು ನಂಗೆ. ಡಿಸ್‌ಪ್ಲೇ ಒಡೆದದ್ದು, ಚಾರ್ಜಿಂಗ್ ಪಿನ್ ಸಡಿಲ ಆದದ್ದು, ಮಳೆಗಾಲದಲ್ಲಿ ನೀರು ಹೊಕ್ಕಿದ್ದು, ದಿನಾ ಬರುದು ಇದೇ. ಆದ್ರೆ ತಿಂಗಳಿಗೆ ಒಂದೆರಡು ಸೆಟ್ಟು ಬೇರೆ ಥರದ್ದು ಬರ್ತದೆ, ಗ್ಲಾಸು ಪಳಪಳ, ವೈಫೈ ಸಿಕ್ತದೆ, ಯೂಟ್ಯೂಬ್ ಓಡ್ತದೆ, ಯಾವ ಸಿಮ್ಮು ಹಾಕಿದ್ರೂ ರೇಂಜ್ ಮಾತ್ರ ಇಲ್ಲ.

ಮೊನ್ನೆ ಕುಂಬಳೆ ಕಡೆಯ ಒಬ್ರು ಅಕ್ಕ ಹಾಗಿದ್ದೇ ಒಂದು ಹಿಡ್ಕೊಂಡು ಬಂದ್ರು, ಬೀಡಿ ಕಟ್ಟುವವರು, ಮಗಳು ಕಾಲೇಜಿಗೆ ಸೇರಿದಳು ಅಂತ ಐದು ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ತೆಗೊಂಡದ್ದಂತೆ. ಬಾಕ್ಸಿಲ್ಲ, ಬಿಲ್ಲಿಲ್ಲ. "ಗಲ್ಫಿಂದ ತಂದದ್ದಲ್ವಾ, ಬಿಲ್ಲು ಎಲ್ಲಿಂದ" ಅಂದನಂತೆ ಮಾರಿದವ. ನಮ್ಮೂರಲ್ಲಿ ಆ ಮಾತು ಹೇಳಿದ್ರೆ ಮುಗೀತು, ಯಾರೂ ಮತ್ತೆ ಕೇಳುದಿಲ್ಲ, ಮನೆಗೊಬ್ರು ದುಬೈಯಲ್ಲೋ ಶಾರ್ಜಾದಲ್ಲೋ ಇದ್ದೇ ಇರ್ತಾರಲ್ಲ. *#06# ಒತ್ತಿದೆ, ಸೆಟ್ಟಿನ ಗುರುತಿನ ನಂಬ್ರ, ಅಂದ್ರೆ ಐಎಂಇಐ, ತೋರಿಸುವ ಕೋಡು ಅದು, ಎರಡು ಸಿಮ್ಮಿನ ಸೆಟ್ಟು, ಹಾಗಾಗಿ ಎರಡು ನಂಬ್ರ ಬಂತು. ನನ್ನ ಫೋನಿಂದ ಇಂಗ್ಲಿಷಿನಲ್ಲಿ ಕೆವೈಎಂ ಅಂತ ಹೊಡೆದು ಒಂದು ಸ್ಪೇಸ್ ಬಿಟ್ಟು ಆ ನಂಬ್ರ ಹಾಕಿ, ಸೆಟ್ಟು ಸರಿಯಾದ್ದಾ ಅಂತ ಹೇಳುವ ಸರಕಾರದ 14422ಕ್ಕೆ ಮೆಸೇಜ್ ಕಳಿಸಿದೆ. ಬ್ಲ್ಯಾಕ್‌ಲಿಸ್ಟೆಡ್ ಅಂತ ಬಂತು. ಯಾರೋ ಕಳ್ಕೊಂಡವರು ಬ್ಲಾಕ್ ಮಾಡಿಸಿದ್ದಾರೆ.

ಅಕ್ಕ ಸ್ವಲ್ಪ ಹೊತ್ತು ಸೆಟ್ಟನ್ನೇ ನೋಡ್ತಾ ಇದ್ರು. ಮತ್ತೆ ಮೆಲ್ಲ, "ನಂಬ್ರ ಒಂದು ಬದಲ್ಸಿ ಕೊಡಿ ಅಣ್ಣ, ಬೇರೆ ಕಡೆ ಎಂಟ್ನೂರಕ್ಕೆ ಮಾಡಿ ಕೊಡ್ತಾರಂತೆ" ಅಂದ್ರು.

ಕೊಡ್ತಾರೆ, ಸುಳ್ಳಲ್ಲ. ಐಎಂಇಐ ಅಂದ್ರೆ 15 ಅಂಕೆ, ಮೊದಲ 8 ಅಂಕೆ ಯಾವ ಮಾಡೆಲ್ ಅಂತ ಹೇಳ್ತದೆ, ಅದನ್ನು ಕಂಪೆನಿಗಳಿಗೆ ಹಂಚುದು ಜಿಎಸ್‌ಎಂಎ ಅನ್ನುವ ಸಂಸ್ಥೆ, ಆಮೇಲಿನ 6 ಆ ಸೆಟ್ಟಿನ ಸೀರಿಯಲ್, ಕೊನೇ ಒಂದು ಅಂಕೆ ಹಿಂದಿನ 14ರ ಲೆಕ್ಕದಿಂದ ಹುಟ್ಟುವಂಥದ್ದು. ಮನಸ್ಸಿಗೆ ಬಂದ 15 ಅಂಕೆ ಬರೆದ್ರೆ ಹತ್ತರಲ್ಲಿ ಒಂಬತ್ತು ಸಲ ಆ ಲೆಕ್ಕವೇ ತಪ್ಪುತದೆ, ಅದ್ಕೇ ಬದಲಿಸುವವರು ಹೆಚ್ಚಾಗಿ ಎಲ್ಲೋ ನಿಜವಾಗಿ ಇರುವ ಒಂದು ಸೆಟ್ಟಿನ ನಂಬ್ರ ತಂದು ಇದಕ್ಕೆ ಬರೆಯುದು. ಅಲ್ಲಿಗೆ ಇದು ಅಕ್ಕನ ಮತ್ತು ನನ್ನ ನಡುವಿನ ವಿಷಯ ಆಗಿ ಉಳಿಯುದಿಲ್ಲ, ಎಲ್ಲೋ ಕೂತವನೊಬ್ಬ ಮೂರನೆಯವ ಸೇರಿಕೊಂಡ. ನಾಳೆ ಈ ಸೆಟ್ಟಿಂದ ಯಾರಿಗಾದ್ರೂ ಓಟಿಪಿ ಮೋಸ ಆದ್ರೆ ಪೊಲೀಸರು ನಂಬ್ರ ಹಿಡ್ಕೊಂಡು ಹೋಗಿ ಅವನ ಬಾಗಿಲೂ ತಟ್ಟಬಹುದು. 2020ರಲ್ಲಿ ಮೇರಠಿನ ಪೊಲೀಸರಿಗೆ ಒಂದೇ ಐಎಂಇಐ ಹದಿಮೂರು ಸಾವಿರಕ್ಕಿಂತ ಹೆಚ್ಚು ಫೋನಲ್ಲಿ ಓಡ್ತಾ ಇರುದು ಸಿಕ್ಕಿತ್ತು, ಅಷ್ಟು ಫೋನಿನಲ್ಲಿ ಕಳ್ಳನದ್ದು ಯಾವುದು ಅಂತ ಹುಡುಕಿ ನೋಡುವ.

ಇನ್ನೊಂದು ಸಂಗತಿ ನಮ್ಮ ಲೈನಿನವರು ಬಾಯಿ ಬಿಟ್ಟು ಹೇಳುದಿಲ್ಲ. ರೈಲಿನಲ್ಲಿ ಕಿಸೆಗೆ ಕೈ ಹಾಕುವವನಿಗೆ ನಂಬ್ರ ಬದಲಿಸ್ಲಿಕ್ಕೆ ಬರುದಿಲ್ಲ. ಬರುದು ಸೆಟ್ಟಿನ ಸಾಫ್ಟ್‌ವೇರ್ ತಿದ್ದುವ ಬಾಕ್ಸು, ಡಾಂಗಲ್ಲು ಇಟ್ಟುಕೊಂಡು ಕೂತ ನಮ್ಮಂಥವರಿಗೆ. ಬ್ಲಾಕ್ ಆದ ಸೆಟ್ಟಿಗೆ ಮತ್ತೆ ರೇಟ್ ಬರುದು ನಮ್ಮ ಟೇಬಲಿನ ಮೇಲೆ. ನಾವು ಒಲ್ಲೆ ಅಂದ್ರೆ ಅದು ಡಿಸ್‌ಪ್ಲೇ, ಕ್ಯಾಮರಾ, ಬ್ಯಾಟರಿ ಅಂತ ಬಿಚ್ಚಿ ಮಾರುವ ಮಾಲು ಅಷ್ಟೇ (ಅದೂ ನಡೀತದೆ, ಎಂತ ಮಾಡುದು).

ತಮಾಷೆ ಅಂದ್ರೆ ನಂಬ್ರ ಬರೆಯುದು ಒಂದು ಕಾಲದಲ್ಲಿ ಒಪ್ಪಿಗೆ ಇದ್ದ ಕೆಲಸವೇ. 2009ರಲ್ಲಿ ಐಎಂಇಐ ಇಲ್ಲದ ಫೋನುಗಳನ್ನೆಲ್ಲ ಡಿಸೆಂಬರಿಂದ ಬಂದ್ ಮಾಡ್ತೇವೆ ಅಂತ ಸರಕಾರ ಹೇಳಿತು, ಆಗ ದೊಡ್ಡ ಸ್ಪೀಕರಿನ ಚೈನಾ ಸೆಟ್ಟು ಇಲ್ಲದ ಮನೆ ಇರ್ಲಿಲ್ಲ, ಅಂಥವರಿಗಾಗಿ 199 ರೂಪಾಯಿಗೆ ಅಸಲಿ ನಂಬ್ರ ಹಾಕಿಕೊಡುವ ಸ್ಕೀಮು ಬಂತು. ನಾನು ಕೆಲಸ ಕಲಿಯಲಿಕ್ಕೆ ಸೇರಿದ ವರ್ಷ ಅದು. ಆದ್ರೆ ಅಲ್ಲಿ ನಂಬ್ರವೇ ಇಲ್ಲದ ಸೆಟ್ಟಿಗೆ ಬೇರೆ ಯಾರದ್ದೂ ಅಲ್ಲದ ನಂಬ್ರ ಕೊಡ್ತಿದ್ರು. ಸಾಫ್ಟ್‌ವೇರ್ ಅದೇ ಇರಬಹುದು, ಕೆಲಸ ಅದಲ್ಲ.

ನಿಜವಾದ ತಲೆಬಿಸಿ ಇರುದು ನಡುವಿನ ಕೇಸುಗಳಲ್ಲಿ. ಫ್ಲ್ಯಾಶ್ ಮಾಡುವಾಗ (ಸಾಫ್ಟ್‌ವೇರ್ ಹೊಸದಾಗಿ ಹಾಕುದು) ಕೈತಪ್ಪಿ ಐಎಂಇಐ ಇರುವ ಜಾಗ, ಅಂದ್ರೆ ಎನ್‌ವಿರಾಮ್ ಅಳಿಸಿಹೋದ್ರೆ ಸೆಟ್ಟು ಐಎಂಇಐ ಇನ್ವ್ಯಾಲಿಡ್ ಅಂತ ತೋರಿಸ್ತದೆ, ಗಿರಾಕಿ ಬಾಕ್ಸ್ ತಂದು ಎದುರಿಗೆ ಇಡ್ತಾರೆ, ನಂಬ್ರ ಅದರ ಮೇಲೇ ಉಂಟು. ಅದನ್ನೇ ವಾಪಸ್ ಬರೆದ್ರೆ ತಿದ್ದಿದ ಹಾಗೆ ಆಯ್ತಾ? ನನ್ನ ಮನಸ್ಸು ಇಲ್ಲ ಅಂತದೆ. ಆದ್ರೆ 2017ರ ನಿಯಮ ಕಂಪೆನಿಯವರಲ್ಲದೆ ಬೇರೆ ಯಾರೂ ಆ ನಂಬ್ರ ಅಳಿಸ್ಲಿಕ್ಕೂ ಇಲ್ಲ, ಬದಲಿಸ್ಲಿಕ್ಕೂ ಇಲ್ಲ ಅಂತ ಹೇಳಿತ್ತು, ಈಗ 2023ರ ಟೆಲಿಕಾಂ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ, ಅಥವಾ ಎರಡೂ, ತಿದ್ದಿದ್ದು ಅಂತ ಗೊತ್ತಿದ್ದೂ ಇಟ್ಟುಕೊಂಡವನಿಗೂ ಬಿಡುದಿಲ್ಲ. ಹಾಗಾಗಿ ಈಗ ಫ್ಲ್ಯಾಶಿಗೆ ಮೊದಲು ಬ್ಯಾಕಪ್ ತೆಗೀದೆ ಸೆಟ್ಟಿಗೆ ಕೈ ಹಾಕುದಿಲ್ಲ ನಾನು. ಹೊರಗೆ ಎಲ್ಲೋ ಅಳಿಸಿಕೊಂಡು ಬಂದದ್ದಾದ್ರೆ ಕಂಪೆನಿ ಸರ್ವೀಸಿಗೆ ಕಳಿಸ್ತೇನೆ, ಅಲ್ಲಿ ಬೋರ್ಡೇ ಬದಲಿಸ್ಬೇಕು ಅಂತ ಫೋನಿನ ಅರ್ಧ ರೇಟ್ ಹೇಳಿದ್ರೆ ಬೈಗಳು ತಿನ್ನುದು ನಾನು.

ಫೋನ್ ಕಳೆದವರಿಗೂ ಎರಡು ಮಾತು. ಬಾಕ್ಸಿನ ಫೋಟೋ ತೆಗೆದು ಅದೇ ಫೋನಲ್ಲಿ ಇಟ್ಟುಕೊಳ್ಳುವವರು ಎಷ್ಟು ಜನ ಮಾರಾಯ್ರೆ! ಹೆಂಡತಿಗೋ ತಮ್ಮನಿಗೋ ವಾಟ್ಸಾಪ್ ಮಾಡಿ ಇಡಿ. ಹೋದ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡಿ, ಅದೇ ನಂಬರಿನ ಡೂಪ್ಲಿಕೇಟ್ ಸಿಮ್ ತೆಗೊಳ್ಳಿ, ಹೊಸ ಸಿಮ್ಮಿಗೆ ಮೆಸೇಜ್ ಬರ್ಲಿಕ್ಕೆ ಒಂದು ದಿನ ಹಿಡಿಯಬಹುದು, ಓಟಿಪಿ ಬರುದಿಲ್ಲ ಅಂತ ಗಾಬರಿ ಬೇಡ, ಆಮೇಲೆ ಸಂಚಾರ್ ಸಾಥಿ ಅನ್ನುವ ಸರಕಾರದ ವೆಬ್‌ಸೈಟಿನಲ್ಲಿ ಫೋನ್ ಬ್ಲಾಕ್ ಮಾಡಿಸುವ ಸಿಇಐಆರ್ ಫಾರ್ಮ್ ತುಂಬಿಸಿ. ತಲಪಾಡಿ ಗಡಿ ದಾಟಿ ಮಂಗಳೂರಲ್ಲಿ ಮಾರಿದ್ರೂ ಸಮ, ಇಡೀ ದೇಶದಲ್ಲಿ ಬ್ಲಾಕ್, ಯಾರಾದ್ರೂ ಸಿಮ್ ಹಾಕಿದ್ರೆ ಪೊಲೀಸರಿಗೆ ಸುದ್ದಿ ಹೋಗ್ತದೆ. ವಿಮಾನ ಹತ್ತಿ ದುಬೈಗೆ ಹೋದ್ರೆ ಮಾತ್ರ ಇಲ್ಲಿನ ಬ್ಲಾಕ್ ಅಲ್ಲಿಗೆ ತನ್ನಿಂತಾನೇ ಹೋಗುದಿಲ್ಲ. ಮತ್ತೆ, ಸೆಟ್ಟು ವಾಪಸ್ ಸಿಕ್ಕಿದ್ರೆ ಅನ್‌ಬ್ಲಾಕ್ ಮಾಡ್ಲಿಕ್ಕೆ ಮರೀಬೇಡಿ, ಮರೆತು ರಿಪೇರಿಗೆ ಅಂತ ನನ್ನ ಹತ್ರ ಬಂದವರೂ ಇದ್ದಾರೆ.

ಅಕ್ಕನಿಗೆ ನಾನು ಆಗುದಿಲ್ಲ ಅಂದೆ. ಸ್ಟೇಷನ್ನಿಗೆ ಕೊಡಿ ಅಂದದ್ದಕ್ಕೆ "ನಾನೇ ಕದ್ದದ್ದು ಅಂತ ಆಗ್ಲಿಕ್ಕಾ?" ಅಂತ ಕೇಳಿದ್ರು, ಆ ಹೆದರಿಕೆ ಸುಳ್ಳು ಅಂತ ಹೇಳ್ಲಿಕ್ಕೆ ನಂಗೂ ಬಾಯಿ ಬರ್ಲಿಲ್ಲ. ನನ್ನ ಅಂಗಡಿಯ ಬಿಲ್ ಹಾಳೆಯಲ್ಲಿ ಎರಡೂ ನಂಬ್ರ, 14422ರಿಂದ ಬಂದ ಉತ್ತರ, ತಾರೀಕು ಬರೆದು ಸೀಲ್ ಹಾಕಿ ಕೊಟ್ಟೆ, ಮಾರಿದವನಿಗೆ ತೋರಿಸಿ ದುಡ್ಡು ಕೇಳಿ ಅಂತ. ವಾರ ಬಿಟ್ಟು ಬಂದ್ರು. ಐದರಲ್ಲಿ ಮೂರು ಸಾವಿರ ಸಿಕ್ಕಿತಂತೆ, ಮಗಳಿಗೆ ಬಿಲ್ಲಿರುವ ಒಂದು ಹಳೇ ಸೆಟ್ಟು ಇದ್ರೆ ಕೊಡಿ ಅಂದ್ರು. ಆ ಫೋನು ಎಲ್ಲಿ ಅಂತ ಕೇಳಿದೆ.

"ಅದಾ, ಅವನೇ ವಾಪಸ್ ಇಟ್ಕೊಂಡ" ಅಂದ್ರು.